ಹಳದಿ ಬಾವುಟದ ಊರು

ಮಾಘ ಮಾಸದ ಚಳಿ ಇಳಿಯುತ್ತ ಬಂದಿದ್ದ ದಿನಗಳು. ಬುಧವಾರ, ಮಧ್ಯಾಹ್ನ ಮೂರೂವರೆ. ಲಿಂಗಂಪಲ್ಲಿಯ ಆ ಎರಡನೇ ಮಹಡಿಯ ಮನೆಯಲ್ಲಿ ಕುದುರೆ ದಂಡು ನಾಲ್ಕನೆಯ ಸಲ ಸತ್ತಿತು.

"ಮತ್ತ ಹೋದವ್ರಿ ಮಾವಾರ," ಎಂದು ಶೀತಲ ಮೌಸಿನಿಂದ ಕೈ ತೆಗೆದಳು.

ಪಕ್ಕದ ಬೆತ್ತದ ಕುರ್ಚಿಯಲ್ಲಿದ್ದ ಮಾವ ಅಮರೇಶಪ್ಪ ಕಂಪ್ಯೂಟರಿನ ಹತ್ತಿರ ಮುಖ ತಂದು ನೋಡಿದ. ಕೆಂಪು ಬಾವುಟದ ಕೋಟೆ ಹಾಗೇ ನಿಂತಿತ್ತು. ಅದರ ಬಾಗಿಲ ಮುಂದೆ ಕುದುರೆಗಳು ಬಿದ್ದಿದ್ದವು. ಆನೆಗಳು ಇನ್ನೂ ಹೊಳೆ ದಾಟುತ್ತಿದ್ದವು.

"ಆನಿ ಬರೂತನ ತಡಕೊಳ್ಳಂಗಿಲ್ಲ ನೋಡು ಇವು. ನಾಳೆ ಇನ್ನಾ ನಾಲ್ಕು ಆನಿ ಜಾಸ್ತಿ ತಗೋ," ಎಂದ.

ಎರಡು ಸಾವಿರ ವರ್ಷದ ಹಿಂದಿನ ರಾಜರ ಆಟ ಅದು. ಯಾವ ದಂಡು ಕಟ್ಟಬೇಕು, ಮುಂದೆ ಯಾವ ಊರಿನ ಮೇಲೆ ಬೀಳಬೇಕು ಎಂದು ಆಡುವವರೇ ಆರಿಸಬೇಕು. ಆ ಕಾಲಕ್ಕೆ ಹೈದರಾಬಾದಿನಲ್ಲಿ ಎಲ್ಲರ ಮನೆಯ ಸೊಸೆ, ಮಗಳು, ಅಳಿಯ ಕಂಪ್ಯೂಟರ್ ಕಲಿಯುತ್ತಿದ್ದರು. ಅಮರೇಶಪ್ಪನ ಮಗ ಮಹೇಶಕುಮಾರ, ಹೆಂಡತಿ ಶೀತಲ ಮನೆಯಲ್ಲೂ ಕಲಿಯಲಿ ಎಂದು ಒಂದನ್ನು ತಂದಿಟ್ಟಿದ್ದ. ಶೀತಲ ಬೆಳಿಗ್ಗೆ ಅಮೀರ್‌ಪೇಟೆಯ ಕ್ಲಾಸಿಗೆ ಹೋಗಿ ಎರಡು ಗಂಟೆಗೆ ತಿರುಗಿ ಬರುತ್ತಿದ್ದಳು. ಆಟದ ಸಿ.ಡಿ.ಯನ್ನು ಕೋಠಿಯ ಫುಟ್‌ಪಾತಿನಿಂದ ಅವಳೇ ತಂದಿದ್ದಳು.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಅವಳು ಸುಮ್ಮನೆ ಕರೆದಿದ್ದಳು. "ಮಾವಾರ, ನೀವು ಗೌಂಡಿ ಕೆಲಸ ಮಾಡಿದೋರು. ಈ ಗೋಡಿ ಎಲ್ಲಿ ಹೊಡದ್ರ ಬೀಳತೈತಿ ಹೇಳ್ರಿ." ಮೂವತ್ತನಾಲ್ಕು ವರ್ಷ ಈ ಊರಿನಲ್ಲಿ ಕಲ್ಲಿಟ್ಟವನು ಅಮರೇಶಪ್ಪ. ಓದು ಎರಡನೇ ಇಯತ್ತೆಗೆ ನಿಂತಿತ್ತು, ಆದರೆ ಗೋಡೆ ಓದಲು ಬರುತ್ತಿತ್ತು. ಮೂಲೆಯ ಕಲ್ಲು ಒಂದನ್ನೊಂದು ಕಚ್ಚದ ಕಡೆ ಬೆರಳಿಟ್ಟು ತೋರಿಸಿದ. ಗೋಡೆ ಅಲ್ಲಿಯೇ ಬಿತ್ತು. ಅಂದಿನಿಂದ ದಿನಾ ಮೂರು ಗಂಟೆಗೆ ಗಡ್ಡ ಹೆರೆದುಕೊಂಡು ಆ ಕುರ್ಚಿಯಲ್ಲಿ ಕೂಡುತ್ತಿದ್ದ. ಮೊಣಕಾಲು ಕೈಕೊಟ್ಟು ಕರಣೆ ಕೆಳಗಿಟ್ಟ ಮೇಲೆ, ಮುಂದೇನು ಮಾಡಬೇಕು ಎಂದು ಅವನನ್ನು ಕೇಳುವವರೇ ಇರಲಿಲ್ಲ. ಮಗ "ಊಟ ಆತೇನಪಾ" ಎಂದು ಕೇಳಿ, ಉತ್ತರ ಬರುವುದರೊಳಗೆ ಬೂಟು ಹಾಕಿಕೊಂಡಿರುತ್ತಿದ್ದ. ಶೀತಲ ಕೇಳುತ್ತಿದ್ದಳು. ಕೇಳಿ, ಉತ್ತರಕ್ಕೆ ಕಾಯುತ್ತಿದ್ದಳು.

ಮರುದಿನ ಗುರುವಾರ ಅವಳ ಅಪ್ಪ ಸಾಬಣ್ಣ ಯಾದಗಿರಿ ಕಡೆಯಿಂದ ಬಂದ. ಕುರಿ ಕಾಯುವವನು. ಎಡಗಣ್ಣು ಸಣ್ಣವನಿದ್ದಾಗಲೇ ಜಾಲಿಮುಳ್ಳು ಚುಚ್ಚಿ ಹೋಗಿತ್ತು. ಬಲಗಣ್ಣಿಗೆ ಪೊರೆ ಬಂದಿತ್ತು. ಶುಕ್ರವಾರ ಆಪರೇಷನ್ ಆಯಿತು, ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸಿದರು.

"ಮಗಳ ಮನ್ಯಾಗ ಭಾಳ ದಿನ ಇರಬಾರದ್ರಿ ಬೀಗರ," ಎಂದ ಸಾಬಣ್ಣ.

"ಇದು ನನ್ನ ಮನಿ ಅಲ್ಲೇನ್ರಿ? ಶಿವರಾತ್ರಿ ತನಾ ಕದಲಬ್ಯಾಡ್ರಿ," ಎಂದು ಅಮರೇಶಪ್ಪನೇ ಕೈ ಹಿಡಿದು ಕೂರಿಸಿದ.

ಬೀಗ ಬಂದರೆ ಮೊದಲ ರೊಟ್ಟಿ ಅವನಿಗೆ, ಮೊದಲ ಬಿಸಿನೀರು ಅವನಿಗೆ, ಇದ್ದುದರಲ್ಲಿ ಒಳ್ಳೆಯ ಕುರ್ಚಿ ಅವನಿಗೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಸೋಮವಾರ ಮೂರೂವರೆಗೆ ಶೀತಲ ಕಂಪ್ಯೂಟರ್ ಹಚ್ಚಿದಾಗ ಅಮರೇಶಪ್ಪ ಎದ್ದು, "ಬರ್ರಿ ಬೀಗರ, ಇಲ್ಲೆ ಕುಂದ್ರಿ, ಮಗಳ ಬಾಜೂಕ," ಎಂದ. ತಾನು ಮಂಚದ ಅಂಚಿಗೆ ಹೋದ. ಅಲ್ಲಿಂದ ಕಿಟಕಿಯ ಬೆಳಕು ಕಂಪ್ಯೂಟರಿನ ಗಾಜಿನ ಮೇಲೆ ಬಿದ್ದು ಏನೂ ಕಾಣುತ್ತಿರಲಿಲ್ಲ. ಅಪ್ಪ ಮಗಳ ಬೆನ್ನು ಮಾತ್ರ ಕಾಣುತ್ತಿತ್ತು.

"ಕುದುರಿ ಯಾಕ ಸಾಯಾಕತ್ತಾವವ್ವ?" ಸಾಬಣ್ಣ ಕೇಳಿದ.

"ಅವು ಜೋರು ಓಡತಾವ ಯಪ್ಪಾ. ಆನಿ ಹಿಂದ ಉಳೀತಾವ."

"ಹಿಂಡು ಹೊಡಕೊಂಡು ಹೋಗೋವಾಗ ನಾವು ಕುಂಟ ಕುರಿ ಮುಂದ ಬಿಡ್ತೀವಿ. ಅದರ ಹೆಜ್ಜಿ ಮ್ಯಾಲ ಎಲ್ಲಾ ನಡೀತಾವ. ಇಲ್ಲಂದ್ರ ಜೋರಿದ್ದವು ಮುಂದ ಹೋಗಿ ತ್ವಾಳನ ಬಾಯಾಗ ಬೀಳ್ತಾವ."

ಅಮರೇಶಪ್ಪ ಮಂಚದಿಂದಲೇ ನಕ್ಕ. "ಬೀಗರ, ಅವು ಕುರಿ ಅಲ್ರಿ, ದಂಡು."

"ಕಾಲಿದ್ದವು ಎಲ್ಲಾ ಒಂದ ರೀ," ಎಂದ ಸಾಬಣ್ಣ, ಪಟ್ಟಿ ಕಟ್ಟಿದ ಮುಖ ಇತ್ತ ತಿರುಗಿಸಿ.

ಶೀತಲ ಆನೆಗಳನ್ನು ಮೊದಲು ಬಿಟ್ಟಳು. ಅವು ಹೊಳೆ ದಾಟಿದ ಮೇಲೆ ಭರ್ಜಿಯವರನ್ನು, ಎಲ್ಲರ ಹಿಂದೆ ಕುದುರೆಗಳನ್ನು. ಚಹಾ ಆರುವಷ್ಟರಲ್ಲಿ ಕೆಂಪು ಬಾವುಟದ ಕೋಟೆ ಬಿತ್ತು. "ಯಪ್ಪಾ!" ಎಂದು ಕೂಗಿ ಅಪ್ಪನ ಹೆಗಲಿಗೆ ಒಂದು ಗುದ್ದಿದಳು, ಲಂಗ ತೊಟ್ಟ ಹುಡುಗಿಯ ಹಾಗೆ. ನಾಲ್ಕು ತಿಂಗಳಲ್ಲಿ ಎಷ್ಟೋ ಊರು ಗೆದ್ದಿದ್ದರು. ಆಗೆಲ್ಲ ಅವಳು ಅಂದದ್ದು "ಆತ್ರಿ ಮಾವಾರ, ಗೆದ್ವಿ" ಅಷ್ಟೆ. ಈ ಕೂಗು ಅವಳಲ್ಲಿದೆ ಎಂದೇ ಅಮರೇಶಪ್ಪನಿಗೆ ಗೊತ್ತಿರಲಿಲ್ಲ.

ಮಂಗಳವಾರ ಅವನು ಎಣಿಸಿದ. ಅವಳು ಅಪ್ಪನನ್ನು ಹನ್ನೊಂದು ಸಲ ಕೇಳಿದಳು. ಅವನನ್ನು ಕೇಳಿದ್ದು ಒಂದೇ ಸಲ: "ಮಾವಾರ, ಫ್ಯಾನ್ ಹಚ್ಚಲೇನ್ರಿ?"

ಸಾಬಣ್ಣನಿಗೆ ಕಾಣುವುದಿಲ್ಲವೆಂದು ಅವಳು ಎಲ್ಲವನ್ನೂ ಬಾಯಿಂದ ಹೇಳುತ್ತಿದ್ದಳು. ಹೊಳೆ ಎಲ್ಲಿ ಬಾಗುತ್ತದೆ, ಯಾವ ಊರಿನಲ್ಲಿ ಹೊಗೆ ಏಳುತ್ತಿದೆ, ಬಿಲ್ಲಿನವರು ಎಂಥ ಟೋಪಿ ಹಾಕಿದ್ದಾರೆ. ಕಣ್ಣಿದ್ದ ಅಮರೇಶಪ್ಪನಿಗೆ ಅವಳು ಇದನ್ನೆಲ್ಲ ಹೇಳಿದವಳೇ ಅಲ್ಲ. ಆ ಬಿಳಿ ಪಟ್ಟಿಯ ಮೇಲೆ ಅವನಿಗೆ ಹೊಟ್ಟೆಕಿಚ್ಚು ಬಂತು. ಗೋಡೆಯ ಕಡೆ ತಿರುಗಿ ನಿದ್ದೆ ಬಂದವನಂತೆ ಮಲಗಿದ. "ಮಾವಾರು ಮಲಗ್ಯಾರ, ಮೆಲ್ಲಗ ಮಾತಾಡು," ಎಂದಳು ಶೀತಲ. ಆಮೇಲೆ ಅವರಿಬ್ಬರೂ ಪಿಸುಗುಟ್ಟತೊಡಗಿದರು. ಅದನ್ನು ಸಹಿಸುವುದು ಇನ್ನೂ ಕಷ್ಟವಾಯಿತು.

ಗುರುವಾರ ಮುಂದಿನ ಊರಿನ ಮಾತು ಬಂತು. ಹಳದಿ ಬಾವುಟದ ಊರಿನ ಮೇಲೆ ಅಮರೇಶಪ್ಪನ ಕಣ್ಣಿತ್ತು. ಅದರ ಈಶಾನ್ಯ ಮೂಲೆಗೆ ಬುರುಜಿಲ್ಲ ಎಂದು ತಿಂಗಳ ಹಿಂದೆಯೇ ನೋಡಿಟ್ಟಿದ್ದ. ಆದರೆ ಅವತ್ತು ಆ ಊರಿನಿಂದ ಒಬ್ಬ ದೂತ ಬಂದ.

"ಸ್ನೇಹ ಬೇಕಂತ ಯಪ್ಪಾ. ಹತ್ತು ಬಂಡಿ ಕಾಳು ಕಳಿಸ್ತಾರಂತ."

"ಜ್ವಾಳ ಕಳಿಸ್ಯಾರಂದ್ರ ಬೀಗತನಕ್ಕ ಬಂದಂಗ. ತಗೋ. ಆ ಊರು ಬಿಟ್ಟು ಬ್ಯಾರೇದ ನೋಡು."

"ಆ ಮೂಲಿ ಸಡಿಲ ಐತಿ," ಅಮರೇಶಪ್ಪ ಮಂಚದಿಂದ ಗಟ್ಟಿಯಾಗಿ ಹೇಳಿದ. "ನಾ ತಿಂಗಳಿಂದ ನೋಡೀನಿ."

"ಬೀಗರು ಹೇಳೋದು ಖರೆ. ಗೋಡಿ ಅವರಿಗಿ ಗೊತ್ತು," ಎಂದ ಸಾಬಣ್ಣ ಮೆತ್ತಗೆ. "ಆದ್ರ ಉಣ್ಣಾಕ ಕೊಟ್ಟೋರ ಗೋಡಿ ಯಾಕ ನೋಡಬೇಕವ್ವ?"

ಶೀತಲ ಹಿಂದೆ ತಿರುಗದೆ ಕಾಳು ತೆಗೆದುಕೊಂಡಳು.

ಮುಂದಿನ ಸೋಮವಾರ ಮಹೇಶಕುಮಾರ ಅರ್ಧ ದಿನ ರಜೆ ಹಾಕಿ ಮಾವ ಸಾಬಣ್ಣನನ್ನು ಪಟ್ಟಿ ಬಿಚ್ಚಿಸಲು ಕರೆದೊಯ್ದ. ಮೂರೂವರೆಗೆ ಕುರ್ಚಿ ಖಾಲಿ ಇತ್ತು. ಅಮರೇಶಪ್ಪ ಕೂತ. ಒಂದೇ ವಾರದಲ್ಲಿ ದಿಂಬು ಬೇರೆಯವರ ಮೈಗೆ ತಗ್ಗಾಗಿತ್ತು.

"ಏನು ಮಾಡೂಣ್ರಿ ಮಾವಾರ?"

ಎಂಟು ದಿನದಿಂದ ಕಾದ ಮಾತು. "ಹಳದಿ ಬಾವುಟ," ಎಂದ.

ಅವಳ ಕೈ ನಿಂತಿತು. "ಅವರು ಇನ್ನಾ ಕಾಳು ಕಳಸಾಕತ್ತಾರಲ್ರಿ."

"ಕಳಸಲಿ."

"ಯಪ್ಪ ಬರಲಿ ತಡೀರಿ, ಒಂದು ಮಾತು ಕೇಳೂಣು."

"ನಿಮ್ಮಪ್ಪಗ ಕೇಳಿ ಹೊಡೀಬೇಕೇನು? ನಾ ಹೇಳಾಕತ್ತೀನಿ ಇಲ್ಲಿ!"

ಮದುವೆಯಾಗಿ ಬಂದ ಮೂರು ವರ್ಷದಲ್ಲಿ ಆ ದನಿಯನ್ನು ಅವಳು ಕೇಳಿರಲಿಲ್ಲ. "ಆತ್ರಿ," ಎಂದಳು.

"ಆರು ಆನಿ. ಕಲ್ಲು ಒಗಿಯೋ ಬಂಡಿ ಮೂರು. ಬಿಲ್ಲಿನವರು ಅದರ ಹಿಂದ. ಕುದುರಿ ಕಡೀಕ." ಹೇಳಿ ಮುಗಿಸಿದ ಮೇಲೆ ಅದು ಸಾಬಣ್ಣನ ಲೆಕ್ಕ ಎಂದು ಅವನಿಗೇ ಹೊಳೆಯಿತು. ಅವಳು ಹೇಳಿದಷ್ಟನ್ನೇ ಮಾಡಿದಳು. ಮೂಲೆ ಅವನು ಹೇಳಿದ ಕಡೆಯೇ, ಹೇಳಿದ ಹಾಗೆಯೇ ಬಾಯಿ ಬಿಟ್ಟಿತು. ಊರು ಹೊತ್ತಿಕೊಂಡಿತು. ಅದಕ್ಕೆ ಮೊದಲೇ ಹೊರಟಿದ್ದ ಹಳದಿ ಬಾವುಟದ ಬಂಡಿಗಳು ಕಾಳು ಹೇರಿಕೊಂಡು ಇನ್ನೂ ಇವರ ಊರಿನ ಕಡೆಗೇ ಬರುತ್ತಿದ್ದವು. ಶೀತಲ ಅವನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಳು. ಗೆದ್ವಿ ಎನ್ನಲಿಲ್ಲ. ಚಹಾ ಇಡುತ್ತೇನೆಂದು ಎದ್ದು ಹೋದಳು.

ಸಾಬಣ್ಣ ಕರಿ ಚಷ್ಮಾ ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದ. ಗೋಡೆಯ ಕ್ಯಾಲೆಂಡರು ನೋಡಿದ, ಫ್ಯಾನು ನೋಡಿದ, ಮಗಳ ಗಲ್ಲ ಹಿಡಿದು, "ಸೊರಗೀಯಲ್ಲವ್ವ," ಎಂದ. ಆಮೇಲೆ, "ಎಲ್ಲೈತಿ ನಮ್ಮ ದಂಡು? ತೋರಿಸು ಮೊದಲ!"

ಅಮರೇಶಪ್ಪ ಕುರ್ಚಿ ಬಿಟ್ಟು ಎದ್ದ. ಸಾಬಣ್ಣ ಕೂತು ಹೊಳೆ ಗುರುತಿಸಿದ. ಆನೆ ನೋಡಿ ಬಿದ್ದು ಬಿದ್ದು ನಕ್ಕ. "ಇರಿವಿಯಷ್ಟ ಅದಾವಲ್ಲೇ ಇವು! ಇವಕ್ಕ ಇಷ್ಟು ತ್ರಾಸ ತಗೊಂಡ್ವೇನು?" ನಗು ಒರೆಸಿಕೊಂಡು ಕೇಳಿದ: "ನಮಗ ಜ್ವಾಳ ಕೊಟ್ಟೋರ ಊರು ಯಾವುದವ್ವ?"

ಶೀತಲ ಬೆರಳಿಟ್ಟಳು. ಅಲ್ಲಿ ಕರಿ ಬೂದಿ ಇತ್ತು, ಹೊಗೆ ಏಳುತ್ತಿತ್ತು.

"ಇದ್ಯಾಕ ಹಿಂಗ?"

ಅವಳು ಬೆರಳು ಹಿಂದಕ್ಕೆ ತೆಗೆದಳು. ಮಹೇಶಕುಮಾರ ಅರ್ಥವಾಗದೆ ಒಬ್ಬೊಬ್ಬರ ಮುಖ ನೋಡಿದ.

"ನಾನ ಹೊಡಸೀನ್ರಿ," ಎಂದ ಅಮರೇಶಪ್ಪ. "ಮೂಲಿ ಸಡಿಲ ಇತ್ತು."

ಡಾಕ್ಟರು ಬೇಡವೆಂದಿದ್ದರೂ ಸಾಬಣ್ಣ ಚಷ್ಮಾ ತೆಗೆದ. ಹೊಸ ಕಣ್ಣಿನಿಂದ ಬೀಗನ ಮುಖವನ್ನು ನೋಡಿದ. ಬಹಳ ಹೊತ್ತು ನೋಡಲಿಲ್ಲ. "ಹೌದ್ರಿ," ಎಂದ. "ನನಗ ಕಾಣಸಲಿಲ್ಲ ನೋಡ್ರಿ." ಚಷ್ಮಾ ತಿರುಗಿ ಹಾಕಿಕೊಂಡು ಕುರ್ಚಿಯಿಂದ ಎದ್ದ. ಕೆಳಗೆ ಚಾಪೆಯ ಮೇಲೆ ಕೂತ.

ಸಂಜೆ ರೊಟ್ಟಿ ಮುರಿಯುತ್ತ, ನಾಳೆ ಮುಂಜಾನೆ ಹೊರಡುತ್ತೇನೆಂದ.

"ನಾಳೆ ಮಂಗಳವಾರ ಐತ್ರಿ ಮಾವಾ," ಎಂದ ಮಹೇಶಕುಮಾರ.

"ಕುರಿ ಕಾಯಾವನಿಗಿ ವಾರ ಯಾವುದಪಾ."

ಅಮರೇಶಪ್ಪ "ಇರ್ರಿ ಬೀಗರ" ಎಂದು ಮೂರು ಸಲ ಅಂದ. ಮೊದಲ ಎರಡನ್ನು ಎಲ್ಲ ಮನೆಯಲ್ಲೂ ಎಲ್ಲ ಬೀಗರಿಗೂ ಅನ್ನುತ್ತಾರೆ. ಮೂರನೆಯದನ್ನು ಅವನು ನಿಜವಾಗಿ ಅಂದಿದ್ದ. ಆದರೆ ಕೇಳುವವನಿಗೆ ಮೂರೂ ಒಂದೇ.

ಬೆಳಿಗ್ಗೆ ಸ್ಟೇಷನ್ನಿಗೆ ಮೂವರೂ ಹೋದರು, ಅಮರೇಶಪ್ಪ, ಶೀತಲ, ಸಾಬಣ್ಣ. ವಾಡಿ ಕಡೆಗೆ ಹೋಗುವ ಗಾಡಿ ಬರುವ ಮೊದಲು ಶೀತಲ ಅಪ್ಪನನ್ನು ಬೆಂಚಿನ ಮೇಲೆ ಕೂರಿಸಿ, ತಲೆ ಹಿಂದೆ ಬಾಗಿಸಿ, ದವಾಖಾನೆಯವರು ಕೊಟ್ಟ ಔಷಧದ ಬಾಟಲಿ ತೆರೆದಳು. ಮುಚ್ಚಳ ಹಿಡಿಯಲು ಅವಳಿಗೆ ಕೈ ಉಳಿದಿರಲಿಲ್ಲ. ಅಮರೇಶಪ್ಪ ಅಂಗೈ ಚಾಚಿದ. ಅವಳು ಅದರೊಳಗೆ ಮುಚ್ಚಳ ಹಾಕಿ, ಎರಡು ಬೆರಳಿನಿಂದ ರೆಪ್ಪೆ ಬಿಡಿಸಿ, ಒಂದು ಹನಿ, ಇನ್ನೊಂದು ಹನಿ ಬಿಟ್ಟಳು. ನೀರು ಸಾಬಣ್ಣನ ಕಿವಿಯತನಕ ಹರಿಯಿತು. ಸೆರಗಿನಿಂದ ಒರೆಸಿದಳು. ಅಷ್ಟರಲ್ಲಿ ಗಾಡಿ ಬಂತು, ಜನ ನುಗ್ಗಿದರು, ಬಾಟಲಿ ಅಪ್ಪನ ಅಂಗಿಯ ಜೇಬಿಗೆ ಹೋಯಿತು. ಕಿಟಕಿಯಿಂದ ಸಾಬಣ್ಣ ಮಗಳಿಗೆ ಕೈ ಎತ್ತಿದ. ಆಮೇಲೆ ಅಮರೇಶಪ್ಪನ ಕಡೆ ಎರಡೂ ಕೈ ಜೋಡಿಸಿದ, ಹೊಸ ಸಂಬಂಧದವರಿಗೆ ಜೋಡಿಸುವ ಹಾಗೆ.

ಶೀತಲ ಮುಂದೆ ನಡೆದಳು. ಅಮರೇಶಪ್ಪ ಸೇತುವೆಯ ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕೆಂದು ಮುಷ್ಟಿ ಬಿಚ್ಚಿದ. ಬೆರಳ ತುದಿಯಷ್ಟು ಬಿಳಿ ಮುಚ್ಚಳ ಬೆವರಿನಲ್ಲಿ ಅಂಗೈಗೆ ಅಂಟಿಕೊಂಡಿತ್ತು. ಮೇಲಿನ ಮೆಟ್ಟಿಲಲ್ಲಿದ್ದ ಸೊಸೆಯನ್ನು ಕರೆಯಬೇಕೆಂದುಕೊಂಡ. ಅವಳು ಗಾಡಿ ಹೋದ ದಿಕ್ಕಿಗೆ ನೋಡುತ್ತಿದ್ದಳು. ಸಾಬಣ್ಣ ಹೋದದ್ದು ಮಂಗಳವಾರ, ಯಾರೂ ಬೀಗರನ್ನು ಮನೆಯಿಂದ ಕಳಿಸದ ವಾರ.