ಬನ್ನಿ ಗಿಡದ ಕೆಳಗೆ ಕೆಂಪುಬಾಳಿ

೧

ಈ ಕಥೆಯನ್ನು ಫ್ಯಾನಿನ ಸದ್ದಿನಿಂದ ಶುರು ಮಾಡಬೇಕೋ ಫೋನಿನ ಸದ್ದಿನಿಂದಲೋ, ಇನ್ನೂ ತೀರ್ಮಾನವಾಗಿಲ್ಲ. ಫ್ಯಾನಿನಿಂದ ಶುರು ಮಾಡಿದರೆ ನೀವು ಬೇಸಿಗೆ ಅಂದುಕೊಳ್ಳುತ್ತೀರಿ. ಗುಲಬರ್ಗಾ ಅಂದ ಕೂಡಲೇ ಎಲ್ಲರೂ ಬೆವರು ಒರೆಸಿಕೊಳ್ಳುತ್ತಾರೆ. ಆದರೆ ಇದು ದಸರೆ. ಫ್ಯಾನೂ ಕಂಪ್ಯೂಟರಿನ ಹೊಟ್ಟೆಯೊಳಗಿನದು, ಅಂಗೈಯಷ್ಟು ಅಗಲ. ಅದು ನಿಂತರೆ ಚಂದ್ರಶಾನಿಗೆ ಅವನ ಅಕ್ಕ ಮತ್ತೆ ಸಿಗಲಿಕ್ಕಿಲ್ಲ.

(ಮೊದಲ ಪ್ಯಾರಾದಲ್ಲೇ ಎಲ್ಲ ಬಿಟ್ಟುಕೊಟ್ಟೆ. ಹಿಂದಿನ ಕರಡಿನಲ್ಲಿ ಇದನ್ನು ಕೊನೆಯವರೆಗೆ ಬಚ್ಚಿಟ್ಟಿದ್ದೆ. ಆಗ ಚಂದ್ರಶಾನೇ ತಕರಾರು ತೆಗೆದ: "ಓದೋರಿಗೆ ಯಾಕ ಸತಾಯಿಸ್ತೀರಿ? ನಂಗ ಗೊತ್ತಿದ್ದದ್ದು ಅವರಿಗೂ ಗೊತ್ತಾಗ್ಲಿ.")

೨

ಚಂದ್ರಶಾ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರ್. ಮದುವೆಯಾಗಿಲ್ಲ. ಗುಲಬರ್ಗಾದ ಬ್ರಹ್ಮಪುರ ಓಣಿಯ ಮನೆಯಲ್ಲಿ ಅವನು, ಅವನ ತಾಯಿ ಮಲ್ಕಮ್ಮ, ಪಡಸಾಲೆಯಲ್ಲಿ ಒಂದು ಕಂಪ್ಯೂಟರ್. ಕಂಪ್ಯೂಟರಿನೊಳಗೆ ಒಂದು ಊರು.

ಬಿಡಿಸಿ ಹೇಳಬೇಕು. ಪೇಟೆಯಲ್ಲಿ ಸಿಗುವ ಗುಂಡು ಹಾರಿಸುವ ಗೇಮ್ ಒಂದನ್ನು ಅವನು ಬಿಚ್ಚಿ, ಒಳಗಿನ ಪರದೇಶದ ಬೀದಿಗಳನ್ನೆಲ್ಲ ಕಿತ್ತು, ಗುಲಬರ್ಗಾದ ಕೋಟೆ ಕಟ್ಟಿದ್ದ. ಕೆರೆ ಏರಿ ಹಾಕಿದ್ದ. ಕೋಟೆ ಗೋಡೆಯ ಬುಡಕ್ಕೆ ಒಂದು ಬನ್ನಿ ಗಿಡ ನೆಟ್ಟಿದ್ದ. ಅವನ ಕಂಪ್ಯೂಟರೇ ಸರ್ವರ್. ಅಂದರೆ ಉಳಿದವರು ತಮ್ಮ ತಮ್ಮ ಜಾಗದಿಂದ ಫೋನಿನ ತಂತಿ ಹಿಡಿದು ಬಂದು ಇವನ ಡಬ್ಬಿಯೊಳಗೆ ಆಡುತ್ತಿದ್ದರು. ಡಬ್ಬಿ ಆರಿದರೆ ಊರಿಲ್ಲ. ಆಡಲು ಬರುವವರು ಹತ್ತು ಹನ್ನೆರಡು ಮಂದಿ. ಅದೇ ಊರಿನ ರೋಜಾ ಬಡಾವಣೆಯಲ್ಲಿ ಲಾಡ್ಜ್ ನಡೆಸುವ ಖಮರುದ್ದೀನ್ ಅವರಲ್ಲಿ ಒಬ್ಬ. ಕಮಲಾಪುರದಿಂದ ನಿಧಾನದ ಲೈನಿನಲ್ಲಿ ತಡವರಿಸುತ್ತ, ಆ ಊರಿನ ಕೆಂಪು ಬಾಳೆಹಣ್ಣಿನ ಹೆಸರಿಟ್ಟುಕೊಂಡು ಬರುವ 'ಕೆಂಪುಬಾಳಿ' ಇನ್ನೊಬ್ಬರು. ಚಂದ್ರಶಾನ ಹೆಸರು ಅಲ್ಲಿ 'ಮಾಸ್ತರ'.

ದಸರೆಗೆಂದು ಅವನು ಒಂದು ನಿಯಮ ಸೇರಿಸಿದ್ದ. ಅವತ್ತು ಯಾರು ಯಾರಿಗೆ ಬೇಕಾದರೂ ಬನ್ನಿ ಎಲೆ ಕೊಡಬಹುದು. ಎದುರಿನವರ ಪರದೆಯಲ್ಲಿ 'ತಗೋತೀರಾ?' ಎಂದು ಬರುತ್ತದೆ. ಕೆಳಗೆ 'ತಗೊಂಡೆ', 'ಒಲ್ಲೆ'. ತಗೊಂಡರೆ ಬರುವ ದಸರೆಯವರೆಗೆ ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗುವುದಿಲ್ಲ. ನಮ್ಮ ಕಡೆ ಜಗಳ ಮುರಿಯುವುದು ಹಾಗೆಯೇ: ಬನ್ನಿ ತಗೊಂಡು ಬಂಗಾರದಾಂಗ ಇರೂಣು ಅನ್ನುತ್ತೇವೆ, ಮುಗಿಯಿತು.

೩

ಕೆಂಪುಬಾಳಿ ಅಂದರೆ ಅವನ ಅಕ್ಕ ಅಂಬಮ್ಮ. ಅವಳನ್ನು ಕಮಲಾಪುರದ ಸೋದರಮಾವ ನಾಗಣ್ಣನಿಗೇ ಕೊಟ್ಟದ್ದು. ನಾಗಣ್ಣ ಮಲ್ಕಮ್ಮನ ಒಡಹುಟ್ಟಿದ ತಮ್ಮ. ಮನೆಯ ಮುಂದಿನ ಖೋಲಿಯಲ್ಲಿ ಒಂದು ಫೋನ್ ಬೂತು, ಅದೇ ಲೈನಿಗೆ ಒಂದು ಕಂಪ್ಯೂಟರ್. ಮಗಳು ಭಾಗಮ್ಮ. ಮನೆತನದ ರೂಢಿಯಂತೆ ಭಾಗಮ್ಮ ಚಂದ್ರಶಾನಿಗೆ ಹೆಂಡತಿಯಾಗಬೇಕಿತ್ತು.

ಎರಡು ವರ್ಷದ ಹಿಂದೆ ಹಿರಿಯರು ಮಾತಿಗೆ ಕೂತಾಗ ಅವನು ಸುಣ್ಣದ ಕಡ್ಡಿ ಹಿಡಿದು ಕಡಪಾ ಕಲ್ಲಿನ ನೆಲದ ಮೇಲೆ ವಂಶದ ಚಿತ್ರ ಬರೆದ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಒಂದೇ ರಕ್ತ ಎರಡೆರಡು ಸಲ ಕೂಡಿದರೆ ಹುಟ್ಟಿದ ಕೂಸು ಉಳಿಯುವುದು ಕಷ್ಟ ಎಂದು, ಕ್ಲಾಸಿನಲ್ಲಿ ಹೇಳುವ ಹಾಗೆ, ಹೇಳಿದ. ಅವನು ಹೇಳಿದ್ದು ಮುಂದೆ ಹುಟ್ಟಬಹುದಾದ ಮಕ್ಕಳ ಬಗ್ಗೆ. ಅಂಬಮ್ಮ ಕೇಳಿಸಿಕೊಂಡದ್ದು ತೊಟ್ಟಿಲಲ್ಲೇ ಹೋದ ತನ್ನ ಚೊಚ್ಚಲ ಮಗನ ಬಗ್ಗೆ. ಎದ್ದು ಬಂದು, ನೆಲದ ಮೇಲಿನ ತನ್ನ ವೃತ್ತವನ್ನು ಸೆರಗಿನಿಂದ ಒರೆಸಿ, ಚಪ್ಪಲಿ ಮೆಟ್ಟಿ ಹೋದಳು. ಅಂದಿನಿಂದ ಅವನಿಗೆ ಅಕ್ಕ ಇಲ್ಲ, ಮಲ್ಕಮ್ಮನಿಗೆ ತವರಿಲ್ಲ.

ಕೆಂಪುಬಾಳಿ ಅಂದರೆ ಭಾಗಮ್ಮನೇ ಇರಬೇಕು ಎಂದು ಅವನು ಅಂದುಕೊಂಡಿದ್ದ. ದಸರೆಗೆ ಕೆಲವು ದಿನ ಮುಂಚೆ ಅವಳು ಫೋನ್ ಮಾಡಿದಳು.

"ಮಾಮಾ, ಕೆಂಪುಬಾಳಿ ನಾ ಅಲ್ರಿ. ಅವ್ವ."

"ಅಕ್ಕ? ಆಕಿ ಮೌಸ್ ಹಿಡದಾಳ?"

"ರೊಟ್ಟಿ ಬಡಿಯಾದು ಬಿಟ್ಟು ಹಿಡದಾಳ. ನಿನ್ನಿ ನಿಮ್ಮ ಲಾಡ್ಜಿನ ಸಾಬರಿಗೆ ಹೊಡದು ಹೊಡದು ಸಾಕ್‌ಸಾಕ್ ಮಾಡ್ಯಾಳ."

"ಸರ್ವರ್ ನಂದೇ ಅಂತ ಗೊತ್ತೇನು ಆಕಿಗೆ?"

"ಗೊತ್ತಿಲ್ಲಂದ್ರ ದಿನಾ ಬನ್ನಿ ಗಿಡದ ಸುತ್ತ ಯಾಕ ತಿರಗ್ತಾಳ್ರಿ? ದಸರಾದ ದಿನ ಊರು ಬಂದ್ ಮಾಡಬ್ಯಾಡ್ರಿ ಅಷ್ಟ. ಮತ್ತ ಖರೇ ಹೇಳ್ಲೇನ್ರಿ ಮಾಮಾ, ನಂಗೂ ನಿಮ್ಮನ್ನ ಮದಿ ಆಗಾದು ಇದ್ದಿಲ್ಲ."

೪

ಆ ವರ್ಷ ನವಮಿ, ದಶಮಿ ಒಂದೇ ದಿನಕ್ಕೆ ಬಿದ್ದವು. ಬೆಳಿಗ್ಗೆ ಖಂಡೆ ಪೂಜೆ, ಸಂಜೆ ಬನ್ನಿ. ಪೂಜೆಯಾದ ಆಯುಧವನ್ನು ಬನ್ನಿ ಕೊಡುವವರೆಗೆ ಯಾರೂ ಮುಟ್ಟುವಂತಿಲ್ಲ. ಕುಡಗೋಲು, ಹೊಲಿಗೆ ಮಷೀನು, ಸ್ಕೂಟರ್, ಕಂಪ್ಯೂಟರ್, ಎಲ್ಲಕ್ಕೂ ರಜೆ.

ಚಂದ್ರಶಾ ಮಾನಿಟರ್ ಮಾತ್ರ ಆರಿಸಿದ. ಪರದೆ ಕಪ್ಪಾದದ್ದು ನೋಡಿ ಮಲ್ಕಮ್ಮ ಸಮಾಧಾನಗೊಂಡಳು, ಪೂರ್ತಿ ಅಲ್ಲ.

"ಗುಂಯ್ ಅನ್ಲಾಕತ್ತದಲ್ಲೋ ಚಂದ್ರ್ಯಾ."

"ಅದು ಬ್ಯಾಟರಿ ಸದ್ದವ್ವ. ಕರೆಂಟ್ ಹೋದ್ರ ಬೇಕಾಗ್ತದ."

ಅವಳು ಡಬ್ಬಿಗೆ ವಿಭೂತಿ ಹಚ್ಚಿದಳು, ಕುಂಕುಮ ಇಟ್ಟಳು, ಚೆಂಡು ಹೂ ಏರಿಸಿದಳು. ಕೊನೆಗೆ ಟ್ರಂಕಿನಿಂದ ಹಸಿರು ಕುಬಸದ ಖಣ ತೆಗೆದು, ಮನೆಗೆ ಅನ್ನ ಹಾಕುವ ಸಾಮಾನಿಗೂ ಉಡಿಸಬೇಕು ಎಂದು ನಾಲ್ಕೂ ಕಡೆ ಒತ್ತಿ ಹೊದಿಸಿದಳು. ಹಿಂಬದಿಯ ಗಾಳಿಕಿಂಡಿ ಮುಚ್ಚಿತು. ಭೌತಶಾಸ್ತ್ರದ ಮಾಸ್ತರನಿಗೆ ಒಳಗಿನ ಶಾಖ ಎಲ್ಲಿಂದ ಹೊರಗೆ ಹೋಗಬೇಕೆಂದು ಗೊತ್ತಿತ್ತು. ಹೇಳಿದರೆ ಅದು ಚಾಲೂ ಇದೆ ಎಂದು ಒಪ್ಪಿಕೊಂಡಂತೆ.

(ಅವನ ಸಮಜಾಯಿಷಿ: "ಅವ್ವ ಆಚೀಚಿ ಆದ್ಲಂದ್ರ ತೆಗೀತೀನಿ ಅನ್ಕೊಂಡಿದ್ದೆ ರೀ. ಆಕಿ ಹೂರಣ ಕಟ್ಟೂ ಪರಾತ ತಂದು ಅಲ್ಲೇ ಕುಂತ್ಳು." ಹೌದು, ಅಲ್ಲಿ ಕೂರಿಸಿದವನು ನಾನೇ. ಅಡುಗೆಮನೆಯಲ್ಲಿ ಕೂರಿಸಿದ್ದರೆ ಕಥೆ ಇರುತ್ತಿರಲಿಲ್ಲ, ಅಕ್ಕ ಇರುತ್ತಿದ್ದಳು.)

೫

ಸಂಜೆ ಅವಳು ಬನ್ನಿ ತರಲು ಗುಡಿಗೆ ಹೋದಳು. ಅವನು ಓಡಿ ಬಂದು ಮಾನಿಟರ್ ಹಚ್ಚಿದ. ಇನ್ನೊಂದು ಕೈ ಖಣದ ಮೇಲೆ ಬಿತ್ತು. ರೊಟ್ಟಿ ಹಂಚಿನ ಮೇಲೆ ಬಿದ್ದ ಹಾಗೆ ಹಿಂದಕ್ಕೆ ಬಂತು. ಅಷ್ಟರಲ್ಲಿ ಪರದೆಯಲ್ಲಿ ಗಿಡ ಮೂಡಿತು. ಗಿಡದ ಕೆಳಗೆ ಕೆಂಪುಬಾಳಿ.

'ಕೆಂಪುಬಾಳಿ ನಿಮಗೆ ಬನ್ನಿ ಕೊಡುತ್ತಿದ್ದಾರೆ. ತಗೋತೀರಾ?'

ನೀವಾಗಿದ್ದರೆ ತಗೊಂಡುಬಿಡುತ್ತಿದ್ದಿರಿ. ಚಂದ್ರಶಾ ಯೋಚಿಸಿದ. ಬನ್ನಿಯನ್ನು ಮೊದಲು ಕೊಡಬೇಕಾದವರು ಚಿಕ್ಕವರು. ಕೊಟ್ಟು ಕಾಲು ಮುಟ್ಟಬೇಕು, ಆಮೇಲೆ ಹಿರಿಯರು ಕೊಡುತ್ತಾರೆ. ತಪ್ಪು ಅವನದು, ವಯಸ್ಸು ಅವಳದು, ಆದರೂ ಮೊದಲು ಬಂದವಳು ಅವಳು. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಈ ಎಲೆಯನ್ನು ಹೀಗೆ ತಗೊಳ್ಳಬಾರದು, ತಾನೇ ಮೊದಲು ಕೊಡಬೇಕು ಅನ್ನಿಸಿತು. ಆದರೆ ಒಬ್ಬರ ಎಲೆ ಎದುರಿಗಿರುವಾಗ ಇನ್ನೊಬ್ಬರು ಎಲೆ ಚಾಚುವಂತಿಲ್ಲ. ಎರಡು ಎಲೆ ಡಿಕ್ಕಿ ಹೊಡೆಯದಿರಲಿ ಎಂದು ಆ ನಿಯಮ ಬರೆದವನು ಅವನೇ. ಅವಳದು ಸರಿದರೆ ಮಾತ್ರ ಅವನದು.

'ಒಲ್ಲೆ' ಒತ್ತಿದ. ಮರುಕ್ಷಣವೇ ತನ್ನದನ್ನು ಚಾಚುವವನಿದ್ದ.

ಖಣದೊಳಗೆ ಕರಕರ ಅಂದಿತು. ಆಮೇಲೆ ಏನೂ ಅನ್ನಲಿಲ್ಲ. ಪರದೆ ಕಪ್ಪಾಯಿತು.

ಕಮಲಾಪುರದ ಪರದೆಯಲ್ಲಿ ಉಳಿದ ಕೊನೆಯ ಸಾಲು: 'ಮಾಸ್ತರ ನಿಮ್ಮ ಬನ್ನಿ ಒಲ್ಲೆ ಅಂದಿದ್ದಾರೆ.'

ಮತ್ತೆ ೫

ಇದನ್ನೇ ಇನ್ನೊಂದು ರೀತಿ ಬರೆದಿದ್ದೆ. ಅದರಲ್ಲಿ ಅವನು 'ತಗೊಂಡೆ' ಒತ್ತುತ್ತಾನೆ, ಮಲ್ಕಮ್ಮ ತುಪ್ಪ ಸುರಿದ ಹೋಳಿಗೆ ತರುತ್ತಾಳೆ. ಎರಡು ಪುಟ ಚೆನ್ನಾಗಿಯೇ ಬಂದಿತ್ತು. ಚಂದ್ರಶಾ ಓದಿ ವಾಪಸ್ ಕೊಟ್ಟ. "ಇಂವ ಯಾವನೋ ಬ್ಯಾರೇದಂವ ಬಿಡ್ರಿ. ನಾ ಮೊದಲ ರೂಲ್ ನೋಡ್ತೀನಿ."

೬

ಖಣ ಕಿತ್ತು, ರಟ್ಟಿನಿಂದ ಗಾಳಿ ಬೀಸಿ, ಡಬ್ಬಿ ತಣಿಸಿ, ಮತ್ತೆ ಹಚ್ಚಿದ. ಊರು ಎದ್ದಿತು. ಆದರೆ ಪ್ರತಿ ಸಲ ಹೊಸದಾಗಿ ಇಂಟರ್ನೆಟ್ಟಿಗೆ ಸೇರಿದಾಗ ಸರ್ವರಿನ ವಿಳಾಸ ಬದಲಾಗುತ್ತದೆ. ಹೊಸ ವಿಳಾಸವನ್ನು ಅವನು ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಬೇಕು. ಗೊತ್ತಿಲ್ಲದವರು ಹಳೆಯ ವಿಳಾಸಕ್ಕೇ ಬಂದು, ಮನೆ ಎದ್ದುಹೋದ ಬಯಲಿನಲ್ಲಿ ಕದ ತಟ್ಟುತ್ತಿರುತ್ತಾರೆ.

ಇವನದು ಬ್ರಾಡ್‌ಬ್ಯಾಂಡ್, ನೆಟ್ ನಡೆಯುವಾಗಲೂ ಫೋನ್ ನಡೆಯುತ್ತದೆ. ಕಮಲಾಪುರಕ್ಕೆ ಫೋನ್ ಹಚ್ಚಿದ. ಎಂಗೇಜ್. ಹಬ್ಬಕ್ಕೆ ಬೂತು ಮುಚ್ಚಿದೆ, ಮಾತಾಡುವ ಗಿರಾಕಿಯಿಲ್ಲ. ಆ ಮನೆಗಿರುವುದು ಒಂದೇ ಹಳೆಯ ಲೈನು, ನೆಟ್ ಹಚ್ಚಿದರೆ ಫೋನಿಲ್ಲ. ಈಗ ಅದರ ಮೇಲೆ ಕಂಪ್ಯೂಟರ್ ಕೂತಿದೆ. ಭಾಗಮ್ಮನ ಕೈಗೆ ಇನ್ನೂ ಮೊಬೈಲ್ ಬಂದಿಲ್ಲ.

ಫೋನ್ ಇಟ್ಟಿದ್ದೇ ತಡ, ಬಾರಿಸಿತು. ಹಾರಿ ಎತ್ತಿದ. ಖಮರುದ್ದೀನ್.

"ಮಾಸ್ತರ್ ಸಾಬ್, ಕೋಟಿನೇ ಗಾಯಬ್ ಆಗ್ಯಾದಲ್ರಿ. ನಯಾ ಅಡ್ರೆಸ್ ಹೇಳ್ರಿ."

"ಖಮರ್ ಭಾಯ್, ಲೈನ್ ಬಿಡ್ರಿ ಈಗ."

"ಬಿಡ್ತೀನ್ರಿ. ಲೇಕಿನ್ ಆ ಕೆಂಪುಬಾಳಿ ಪಾಪ ಮುಂಜಾನಿಯಿಂದ ಗಿಡದ ಕೆಳಗ ನಿಂತಿದ್ರು. ಯಾರಿಗೂ ಹೊಡೀಲಿಲ್ಲ. ಒಲ್ಲೆ ಅಂದ್ಬಿಟ್ರಲ್ಲ ನೀವು, ಎಲ್ಲಾರ ಮುಂದ."

ಎಲ್ಲರ ಮುಂದೆ. ಎರಡನೆಯ ಸಲ.

ಮಲ್ಕಮ್ಮ ಬನ್ನಿ ಹಿಡಿದು ಒಳಗೆ ಬಂದಾಗ ಖಣ ನೆಲದ ಮೇಲಿತ್ತು.

"ಚಾಲೂನೇ ಇತ್ತೇನು ಇದು?"

"ಹೂಂ."

ಅವನು ನಡೆದದ್ದನ್ನೆಲ್ಲ ಹೇಳಿದ. ಅವಳಿಗೆ ಮಷೀನಿನ ಮಾತು ಎಷ್ಟು ತಿಳಿಯಿತೋ, ಬನ್ನಿಯ ಮಾತು ಪೂರ್ತಿ ತಿಳಿಯಿತು.

"ಅಂಬಿ ತಾನಾಗಿ ಕೊಟ್ಟ ಬನ್ನಿ ಒಲ್ಲೆ ಅಂದಿ?"

"ನಾ ಮೊದಲ ಕೊಡಬೇಕಂತ, ಎವ್ವಾ. ಅದು ರಿವಾಜು."

"ಆವತ್ತ ಸುಣ್ಣದ ಕಡ್ಡಿ ಹಿಡದು ಖರೇ ಹೇಳಿದಿ. ಇವತ್ತ ರಿವಾಜ ಹಿಡದು ಖರೇ ಮಾಡಿದಿ. ನಿನ್ನ ಕೈಯಾಗ ಖರೇ ಸಿಕ್ಕರ ಯಾರದರೆ ತಲಿ ಒಡೀತದಪ್ಪ." ಅವಳು ಕೂತಳು. "ಹಚ್ಚು. ಮತ್ತ ಹಚ್ಚು."

೭

ಇಲ್ಲಿ ನನ್ನ ಬಳಿ ಕೆಲವು ಮುಕ್ತಾಯಗಳಿವೆ, ಒಂದೂ ಗಟ್ಟಿಯಿಲ್ಲ.

ಅವನನ್ನು ಕಮಲಾಪುರದ ಬಸ್ಸು ಹತ್ತಿಸಿದೆ. ಅವನು ಮೆಟ್ಟಿಲ ಮೇಲೆಯೇ ನಿಂತ. "ನಾ ಮುಟ್ಟೂತನಾ ಆಕಿ, ತಮ್ಮ ಒಲ್ಲೆ ಅಂದ ಅಂತನೇ ಕುಂತಿರ್ತಾಳ್ರಿ. ಅಷ್ಟೊತ್ತು ಆಕಿಗೆ ಹಂಗ ಕೂಡಸಬ್ಯಾಡ್ರಿ." ಇಳಿಸಿದೆ.

ಭಾಗಮ್ಮ ಫೋನ್ ಎತ್ತಿ ನಗುವುದನ್ನು ಬರೆದೆ. ನಗು ಸುಲಭವಾಗಿ ಬಂತು, ಅಳಿಸಿದೆ.

ಅಂಬಮ್ಮ ಇನ್ನೆಂದೂ ಬರಲಿಲ್ಲ ಎಂದು ಒಂದು ಸಾಲು ಬರೆದೆ. ಪೂರ್ಣವಿರಾಮ ಹಾಕಲು ಅವನು ಬಿಡಲಿಲ್ಲ.

ಅವನು ನನಗಿಂತ ಮೊದಲೇ ಲೆಕ್ಕ ಹಾಕಿದ್ದ. ಲೈನು ಎಂಗೇಜ್ ಇದೆ ಅಂದರೆ ಕಂಪ್ಯೂಟರ್ ಇನ್ನೂ ಅದರ ಮೇಲಿದೆ. ಅಂದರೆ ಒಲ್ಲೆ ಅನ್ನಿಸಿಕೊಂಡ ಮೇಲೂ ಅವಳು ಎದ್ದು ಹೋಗಿಲ್ಲ. ಬಯಲಿನಲ್ಲಿ ನಿಂತು, ಇಲ್ಲದ ಊರಿನ ಕದ ತಟ್ಟುತ್ತಿದ್ದಾಳೆ. ಅವಳು ಸೋತು ಲೈನು ಬಿಟ್ಟಾಗ ಮಾತ್ರ ಅಲ್ಲಿ ಗಂಟೆ ಬಾರಿಸುತ್ತದೆ, ಇವನ ಮಾತು ಅವಳಿಗೆ ಮುಟ್ಟುತ್ತದೆ. ಬಾರಿಸದಿದ್ದಷ್ಟು ಹೊತ್ತು ಅವಳು ಇವನನ್ನು ಬಿಟ್ಟಿಲ್ಲ.

(ಅಥವಾ ಮೌಸ್ ಕೆಳಗಿಟ್ಟು, ಲೈನು ಬಿಡುವುದನ್ನು ಮರೆತು, ಒಲೆಯ ಮುಂದೆ ಹೋಗಿ ಕೂತಿದ್ದಾಳೆ. ಇದನ್ನು ಅವನಿಗೆ ಹೇಳಿಲ್ಲ. ನೀವೂ ಹೇಳಬೇಡಿ.)

ಗಂಟೆ ಬಾರಿಸುವಂತೆ ಮಾಡುವುದು ನನ್ನ ಕೈಯಲ್ಲಿದೆ, ಒಂದು ಶಬ್ದ ಸಾಕು. ಬರೆಯಲೇ ಎಂದು ಅವನನ್ನು ಕೇಳಿದೆ. ಅವನು ನನ್ನ ಕಡೆ ನೋಡಲಿಲ್ಲ. ಮತ್ತೆ ನಂಬರ್ ಒತ್ತಿದ, ಕಿವಿಗೆ ಹಿಡಿದ, ಉಸಿರು ಹಿಡಿದ.

"ಹತ್ತಿತೇನೋ?" ಅಂದಳು ಮಲ್ಕಮ್ಮ.

"ಇಲ್ಲವ್ವ," ಅಂದ. "ಇನ್ನಾ ಎಂಗೇಜ್ ಅದ."