ಹೂಂ ಅಂದವಳು

ಶೆಟ್ಟೆವ್ವ ಆಯಿ ಕತೆ ಹೇಳಬೇಕಾದರೆ ಹೂಂ ಅನ್ನುವವರು ಒಬ್ಬರು ಎದುರಿಗೆ ಬೇಕೇ ಬೇಕಿತ್ತು. ಗೋಕಾಕದ ಮನೆಯ ಪಡಸಾಲೆಯಲ್ಲಿ ಕಟ್ಟಿಗೆಯ ಮಾವಿನಹಣ್ಣು, ಸೀತಾಫಲಗಳಿಗೆ ಬಣ್ಣ ಬಳಿಯುತ್ತ ಆಕೆ ಬಾಯಿ ತೆರೆದಳೆಂದರೆ, ಮೊಮ್ಮಗಳು ವಿಜಯಶ್ರೀ ಮಾತಿಗೊಂದು ಹೂಂ ಪೋಣಿಸುತ್ತಿದ್ದಳು. ಹೂಂ ನಿಂತರೆ ಕುಂಚವೂ ನಿಲ್ಲುತ್ತಿತ್ತು. "ಯಾಕವಾ, ರಾಜನ ಮಗಳನ್ನ ಬಾವ್ಯಾಗ ಬಿಟ್ಟ ಮಲಗಿದೇನು? ಹೂಂ ಅನ್ನು. ಹೂಂ ಅಂದ್ರ ಹೌದು ಅಂತಲ್ಲ, ನಾ ಇಲ್ಲೇ ಅದೇನಿ ಅಂತ."

ಬಾಜೂ ಮನೆಯ ದಾನೇಶ್ವರಿ ಮಾತ್ರ ಒಂದು ದಿನವೂ ಹೂಂ ಅಂದವಳಲ್ಲ. ಕತೆಯ ನಡುವೆ ಎದ್ದು, ಅಂಗಳದ ಕಂಬ ಮುಟ್ಟಿ, ಉಸಿರು ಬಿಡದೆ ಓಡಿಬಂದು ಮತ್ತೆ ಕೂರುತ್ತಿದ್ದಳು.

ಆ ದಾನೇಶ್ವರಿ ಈಗ ಗೋಕಾಕ ಕಬಡ್ಡಿ ತಂಡದ ದೊಡ್ಡ ರೈಡರ್. ವಿಜಯಶ್ರೀ ಆ ತಂಡ ಆಡುವ ಜಿಲ್ಲಾ ಲೀಗ್ ತೋರಿಸುವ ಚಾನೆಲ್ಲಿನ ವ್ಯಾನಿನಲ್ಲಿ ರಿಪ್ಲೇ ಕುರ್ಚಿಯ ಮೇಲೆ. ಆಡುವವಳು ಒಬ್ಬಳು, ಆಡಿದ್ದನ್ನು ಹಿಂದಕ್ಕೆ ತಿರುಗಿಸುವವಳು ಇನ್ನೊಬ್ಬಳು.

ಆ ಸಂಜೆ ಮೂಡಲಗಿಯಲ್ಲಿ ಫೈನಲ್. ಎದುರಿಗೆ ಹುಕ್ಕೇರಿ. ಗೆದ್ದ ತಂಡಕ್ಕೆ ಬರುವ ವರ್ಷ ರಾಜ್ಯದ ಲೀಗಿನಲ್ಲಿ ಜಾಗ. ದಾನೇಶ್ವರಿಗೆ ಇಪ್ಪತ್ತೆಂಟು ತುಂಬಿತ್ತು, ಬಲ ಮೊಣಕಾಲಿಗೆ ಪಟ್ಟಿ ಬಂದಿತ್ತು. "ಇದ ಕೊನೀದ ನೋಡಲೇ ವಿಜ್ಜಿ. ಈ ಕಾಲು ಇನ್ನೊಂದು ವರ್ಷ ನನ್ನ ಮಾತ ಕೇಳೂದಿಲ್ಲ" ಎಂದು ಬೆಳಿಗ್ಗೆ ಬಸ್ಸಿನಲ್ಲಿ ನಕ್ಕು ಹೇಳಿದ್ದಳು.

ವ್ಯಾನಿನ ಯಜಮಾನಿಕೆ ಶಿವಕುಮಾರನದು. ಯಾವ ಚಿತ್ರ ಪರದೆಗೆ ಹೋಗಬೇಕು, ಯಾವುದು ಬೇಡ ಎಂದು ಹೇಳುವವನು ಅವನೇ. ಮದುವೆ ವಿಡಿಯೋ ಕತ್ತರಿಸುತ್ತಿದ್ದ ವಿಜಯಶ್ರೀಯನ್ನು ಕರೆತಂದು, ರಿಪ್ಲೇ ಚಕ್ರದ ಮೇಲೆ ಬೆರಳಿಡುವುದನ್ನು ಕಲಿಸಿದವನೂ ಅವನೇ. ಹೆಡ್‌ಫೋನಿನಲ್ಲಿ ಏನು ಹೇಳಿದರೂ ಇವಳು ಹೂಂ, ಹೂಂ ಅನ್ನುತ್ತಿದ್ದುದಕ್ಕೆ ಮೊದಮೊದಲು ರೇಗಿದ್ದ. "ಏನ ತಂಗಿ, ನಾ ಏನ ಕತಿ ಹೇಳಾಕತ್ತೇನೇನು?" ಆಗ ಅವಳು ಆಯಿಯ ವಿಷಯ, ಬಾವಿಯಲ್ಲಿ ಉಳಿದ ರಾಜನ ಮಗಳ ವಿಷಯ ಎಲ್ಲ ಹೇಳಿಕೊಂಡಿದ್ದಳು. ಅವತ್ತಿನಿಂದ ಅವನು ಮಾತು ಮುಗಿಸಿ, "ಎಲ್ಲಿ, ಹೂಂ ಬರಲಿ" ಅನ್ನುತ್ತಿದ್ದ. ಬೆನ್ನಿಗೆ ಅಣ್ಣನೊಬ್ಬ ಇದ್ದಾನೆಂದು ಅವಳಿಗೆ ಅನ್ನಿಸಿದ್ದು ಹಾಗೆ.

ಲೀಗಿನಲ್ಲಿ ಮೂರನೇ ಅಂಪೈರ್‌ಗೆ ತನ್ನದೇ ಕ್ಯಾಮೆರಾ ಇರಲಿಲ್ಲ. ಡೇರೆಯೊಳಗೆ ಒಂದು ಟಿವಿ ಇಟ್ಟುಕೊಂಡು, ಚಾನೆಲ್ ತೋರಿಸಿದಷ್ಟನ್ನೇ ನೋಡಿ ತೀರ್ಪು ಕೊಡಬೇಕು. ಎಲ್ಲ ಕೋನ ತೋರಿಸಿ ಆಯಿತೇ ಎಂಬ ಪ್ರಶ್ನೆಗೆ ರಿಪ್ಲೇ ಕುರ್ಚಿಯಿಂದಲೇ ಉತ್ತರ ಬರಬೇಕೆಂಬುದು ನಿಯಮ. ಆದರೆ ಅಂಪೈರ್ ದನಿ ಕೇಳಿಸುವುದು ಶಿವಕುಮಾರನಿಗೆ ಮಾತ್ರ. ಅವನು ಪ್ರಶ್ನೆಯನ್ನು ತಾನೇ ಹೇಳಿ ಗುಂಡಿ ಒತ್ತಿದಾಗ ವಿಜಯಶ್ರೀಯ ಮುಂದೆ ಕೆಂಪು ದೀಪ ಹತ್ತುತ್ತಿತ್ತು. ಆಗ ಅವಳ ಮಾತು ನೇರ ಡೇರೆಗೆ.

ಮೂವತ್ತು ಮೂವತ್ತು ಸಮ. ಕೊನೆಯ ರೈಡ್. ದಾನೇಶ್ವರಿ ಒಳನುಗ್ಗಿ, ಮೂಲೆಯಲ್ಲಿ ನಿಂತ ಹುಕ್ಕೇರಿಯವಳು ಕಾಲು ಹಿಡಿಯುವ ಮೊದಲೇ ಬೋನಸ್ ಗೆರೆಯಾಚೆ ತುದಿಗಾಲು ಚಾಚಿ, ಚಿಮ್ಮಿ ಹಿಂದಿರುಗಿದಳು. ಅಂಪೈರ್ ಬೋನಸ್ ಕೊಡಲಿಲ್ಲ. ಗೋಕಾಕದವರು ಕೈಯಾಡಿಸಿ ರಿವ್ಯೂ ಕೇಳಿದರು.

ವಿಜಯಶ್ರೀ ಚಕ್ರ ತಿರುಗಿಸಿದಳು. ನಾಲ್ಕನೇ ಕ್ಯಾಮೆರಾ ನೆಲಕ್ಕೆ ಒರಗಿಸಿ ಇಟ್ಟದ್ದು, ಗೆರೆಯ ಸಮಕ್ಕೆ ನೋಡುವಂಥದ್ದು. ಅದರಲ್ಲಿ ಕಂಡಿತು: ಹೆಬ್ಬೆರಳು ಗೆರೆಯಾಚೆ, ಎರಡು ಬೆರಳಗಲ. ಹಿಂದಿನ ಕಾಲು ನಿಯಮದಂತೆ ಗಾಳಿಯಲ್ಲಿ. ಒಂದು ಪಾಯಿಂಟು, ಪಂದ್ಯ ಮುಗಿದಂತೆ, ಗೋಕಾಕ ಗೆದ್ದಂತೆ.

"ಅಣ್ಣಾ, ನಾಲ್ಕನೇದ್ರಾಗ ಸ್ವಚ್ಛ ಕಾಣತೈತಿ!"

"ಗೊತ್ತೈತಿ ತಂಗಿ. ಮೊದಲ ಒಂದನೇದ್ದು ಕೊಡತೇನಿ, ದೂರದ್ದು."

"ಹೂಂ."

"ಆಮ್ಯಾಲೆ ಎರಡನೇದ್ದು ಕೊಡತೇನಿ. ಅದರಾಗ ಬೆನ್ನ ಅಡ್ಡ ಬರತೈತಿ, ಬರಲಿ."

"ಹೂಂ."

ಆ ಎರಡೂ ಒಂದರ ಹಿಂದೊಂದು ಪರದೆಗೆ ಹೋದವು.

"ಅದಾದ ಮ್ಯಾಲೆ ನಿಂದು. ಗೆರಿ ದೊಡ್ಡದಾಗಿ ಕಾಣೂವಂಗ ಹಿಗ್ಗಿಸಿ ಇಡು, ಕಣ್ಣ ತಗೀಬ್ಯಾಡ."

"ಹೂಂ."

ಹೆಬ್ಬೆರಳನ್ನು ಪರದೆಯ ನಡುವಿಗೆ ತಂದು ಅವಳು ತಲೆಯೆತ್ತಿದಾಗ ಕೆಂಪು ದೀಪ ಆರುತ್ತಿತ್ತು. ಹತ್ತಿದ್ದು ಯಾವಾಗ? ಹೊರಗೆ ಧ್ವನಿವರ್ಧಕ ಕೂಗಿತು: ಸಾಕ್ಷಿ ಸಾಲದು, ಬೋನಸ್ ಇಲ್ಲ, ಪಂದ್ಯ ಟೈ. ಇನ್ನು ಐದೈದು ರೈಡ್.

"ಅಣ್ಣಾ, ನಾಲ್ಕನೇದ್ದು ಹೋಗಲೇ ಇಲ್ಲಲ್ಲ!"

ಶಿವಕುಮಾರ ಇತ್ತ ತಿರುಗಲಿಲ್ಲ. ಅವನ ಕಣ್ಣು ನೋಡುವವರ ಸಂಖ್ಯೆ ಏರುತ್ತಿದ್ದ ಪರದೆಯ ಮೂಲೆಯಲ್ಲಿತ್ತು. "ಈಗ ಮುಗಿಸಿದ್ರ ಎಲ್ಲಾರೂ ಎದ್ದ ಹೋಗತಾರವಾ. ಇನ್ನ ಹತ್ತ ನಿಮಿಷ ಆಡಲಿ. ನಿಮ್ಮಾಕಿ ಜೋರದಾಳ, ಮತ್ತ ಗೆಲ್ಲತಾಳ ಬಿಡು."

ಗೆಲ್ಲಲಿಲ್ಲ. ಮೂರನೇ ರೈಡಿನಲ್ಲಿ ಆ ಬಲ ಮೊಣಕಾಲನ್ನೇ ಹುಕ್ಕೇರಿಯವರು ಹಿಡಿದರು.

ಬಹುಮಾನ ಕೊಡುವ ಗದ್ದಲದಲ್ಲಿ ವಿಜಯಶ್ರೀ ನಾಲ್ಕನೇ ಕ್ಯಾಮೆರಾದ ಆ ತುಣುಕನ್ನು ಮೊಬೈಲಿಗೆ ಇಳಿಸಿಕೊಂಡು ಹೊರಬಂದಳು. ಮೈದಾನದ ಗೋಡೆಯ ಹೊರಗೆ, ಚಹಾದಂಗಡಿಯ ಬಾಕಿನ ಮೇಲೆ ದಾನೇಶ್ವರಿ ಮೊಣಕಾಲಿಗೆ ಬರ್ಫ ಒತ್ತಿಕೊಂಡು ಕೂತಿದ್ದಳು.

"ಬಾರವಾ, ಟಿವಿಯಾಕಿ" ಎಂದಳು. ನಗಲಿಲ್ಲ.

ವಿಜಯಶ್ರೀ ಮೊಬೈಲ್ ಚಾಚಿದಳು. ದಾನೇಶ್ವರಿ ತನ್ನ ಹೆಬ್ಬೆರಳನ್ನು ತಾನೇ ನೋಡಿದಳು. "ಇನ್ನೊಮ್ಮಿ ಹಚ್ಚು" ಎಂದಳು. ಎರಡನೇ ಸಲ ನೋಡಿ ಮೊಬೈಲನ್ನು ಬೋರಲು ಹಾಕಿದಳು.

"ಡೇರೇಕ ಹೋಗಿ ಅಂಪೈರ್ ಸಾಹೇಬ್ರನ್ನ ಕೇಳಿದ್ನಿ. 'ಇಷ್ಟ ಏನವಾ, ಬ್ಯಾರೆ ಇಲ್ಲಾ' ಅಂತ ತಾವು ಕೇಳಿದ್ದಕ್ಕ ವ್ಯಾನಿನಿಂದ ಹೂಂ ಅಂತ ಬಂತು ಅಂದ್ರು. ನಾ ನಂಬಲಿಲ್ಲ. ರೆಕಾರ್ಡ್ ಹಚ್ಚಿ ಕೇಳಿಸಿದ್ರು." ಅವಳ ದನಿ ಸಣ್ಣದಾಯಿತು. "ನಾ ಒಂದ ದಿನಾನೂ ಹೂಂ ಅಂದಾಕಿ ಅಲ್ಲ. ಆದ್ರ ನಿನ್ನ ಹೂಂ ಹತ್ತ ವರ್ಷ ಕೇಳೇನಿ. ಅದು ಹೌದು ಅನ್ನೂ ಹೂಂ ಅಲ್ಲಲೇ. ಆಯಿ ಕತಿಗೆ ಅಂತಿದ್ದ್ಯಲ್ಲಾ, ಅದ. ಯಾರ ಕತಿ ಕೇಳಾಕತ್ತಿದ್ದಿ?"

ವಿಜಯಶ್ರೀ ಹೇಳಿದಳು. ಒಂದನೇದ್ದು, ಎರಡನೇದ್ದು, ಅದಾದ ಮೇಲೆ ನಿನ್ನದು ಎಂದದ್ದು. ತಾನು ದೀಪ ನೋಡದೆ ಇದ್ದದ್ದು. ಪ್ರತಿ ಮಾತಿಗೂ ನಿಂತು ಗೆಳತಿಯ ಮುಖ ನೋಡಿದಳು. ದಾನೇಶ್ವರಿ ಎಂದಿನಂತೆ ಹೂಂ ಅನ್ನಲಿಲ್ಲ.

"ಇದನ್ನ ಎಲ್ಲಾರಿಗೂ ತೋರಸ್ತೇನಿ ದಾನಿ. ಕೆಲಸ ಹೋದ್ರ ಹೋಗಲಿ."

"ತೋರಸು. ಸೀಟಿ ಊದಿ ಆತು, ಹುಕ್ಕೇರಿಯವರು ಕಪ್ ಹಿಡಕೊಂಡ ಹೋದ್ರು. ಅಂವ ಮೋಸ ಮಾಡಿದ್ದು ನಿನಗ. ನನಗ ಮಾಡಿದ್ದು ನಿನ್ನ ದನಿ." ಗೋಕಾಕದ ಬಸ್ಸು ಬಂದಿತ್ತು. ಸಹಾಯಕ್ಕೆ ಚಾಚಿದ ಕೈಯನ್ನು ಬಿಟ್ಟು, ಬಾಗಿಲ ಸರಳು ಹಿಡಿದು ಅವಳು ಒಂದೊಂದೇ ಮೆಟ್ಟಿಲು ಹತ್ತಿದಳು.

ಬಸ್ಸು ಎಬ್ಬಿಸಿದ ಧೂಳು ಇನ್ನೂ ಇಳಿದಿರಲಿಲ್ಲ, ಮೊಬೈಲ್ ಬಡಿದುಕೊಂಡಿತು. ಶಿವಕುಮಾರ.

"ತಂಗಿ, ಎಲ್ಲಿದ್ದಿ? ಅಂಪೈರ್ ಏನರ ಕೇಳಿದ್ರ ನಾಲ್ಕನೇದ್ದು ಕೆಟ್ಟಿತ್ತು ಅನ್ನು, ಅಷ್ಟ. ಮುಂದಿನ ಸೀಸನ್ನಿಗೆ ನಿನಗ ದೊಡ್ಡ ವ್ಯಾನ್ ಕೊಡಸ್ತೇನಿ. ಕೇಳಾಕತ್ತೀಯಿಲ್ಲೋ?"

ವಿಜಯಶ್ರೀ ಮೈದಾನದೊಳಗಿನ ಡೇರೆಯತ್ತ ನಡೆಯುತ್ತಿದ್ದಳು. ಗಂಟಲ ತನಕ ಬಂದ ಹೂಂ ಅನ್ನು ತುಟಿ ಕಚ್ಚಿ ಹಿಡಿದಳು. ಚಟ ಅದು, ನೋವಾಗುವಷ್ಟು ಒತ್ತಿ ಹಿಡಿಯಬೇಕಾಯಿತು.

"ಹಲೋ? ಎಲ್ಲಿ, ಹೂಂ ಬರಲಿ... ತಂಗಿ?"

ಆ ಕಡೆಯ ಮಾತು ತಡವರಿಸಿತು, ಆಮೇಲೆ ನಿಂತಿತು. ಅವಳು ಡೇರೆಯ ಪರದೆ ಸರಿಸಿದಳು. ಕಾಗದಗಳನ್ನು ಜೋಡಿಸುತ್ತಿದ್ದ ಮೂರನೇ ಅಂಪೈರ್ ತಲೆಯೆತ್ತಿದರು.

"ಸರ್‍ರಿ," ಎಂದಳು, "ಆ ಹೂಂ ನಿಮಗ ಅಂದದ್ದಲ್ರಿ."