ಬಿಳಿ ಮಿಲ್ಲಿನ ಗುಂಡುಗಳು

ನನ್ನ ತಮ್ಮ ನನ್ನ ಗಂಡನನ್ನು ಎಲ್ಲರೆದುರು ಮಿಲ್ಲಿನಿಂದ ಆಚೆ ಕಳಿಸಿದ. ಕಳಿಸಿದ್ದಕ್ಕಿಂತ, ಎಲ್ಲರೆದುರು ಕಳಿಸಿದ್ದು ನನ್ನ ಹೊಟ್ಟೆ ಉರಿಸಿತು. ಅದನ್ನು ನುಂಗಿಕೊಂಡು ಸುಮ್ಮನಿರುವ ಹೆಂಗಸು ನಾನಲ್ಲ.

ನಮ್ಮದು ಪಿಂಗಾಣಿ ಬಟ್ಟಲುಗಳಿಗೆ ಹಚ್ಚುವ ಮೆರುಗನ್ನು ಅರೆಯುವ ಚಿಕ್ಕ ಕಾರ್ಖಾನೆ. ತಮ್ಮನೇ ಯಜಮಾನ. ಎರಡು ಮಿಲ್ಲುಗಳು ದೊಡ್ಡ ಪೀಪಾಯಿಗಳ ಹಾಗೆ ಅಕ್ಕಪಕ್ಕ ಮಲಗಿವೆ. ಕರಿ ಬಣ್ಣ ಅರೆಯುವುದರ ಹೊಟ್ಟೆಯಲ್ಲಿ ಕಬ್ಬಿಣದ ಗುಂಡು, ಬಿಳಿಯದರಲ್ಲಿ ಪಿಂಗಾಣಿ ಗುಂಡು. ಪೀಪಾಯಿ ಉರುಳಿದಂತೆ ಗುಂಡುಗಳು ಮೇಲೇರಿ ಬಿದ್ದು, ಕಲ್ಲಿನ ಪುಡಿಯನ್ನು ನೀರಿನ ಜೊತೆ ಕೆನೆಯಂತೆ ಅರೆಯುತ್ತವೆ. ಅರೆಯುತ್ತ ತಾವೂ ಸವೆದು ಅದರಲ್ಲೇ ಸೇರುತ್ತವೆ. ಪಿಂಗಾಣಿ ಸವೆದರೆ ಬಿಳಿಗೆ ಬಿಳಿ ಸೇರಿತು, ಚಿಂತೆಯಿಲ್ಲ. ಕಬ್ಬಿಣದ್ದು ಒಂದೇ ಒಂದು ಬಿಳಿ ಮಿಲ್ಲಿಗೆ ಬಿದ್ದರೂ ಸುಟ್ಟ ಬಟ್ಟಲ ಮೇಲೆ ಕಂದು ಚುಕ್ಕೆ ಏಳುತ್ತದೆ. ಬಿಳಿ ಮಿಲ್ಲು ನಡೆಸುವವರು ನಮ್ಮ ಮನೆಯವರು. ಗುಂಡು ತೊಳೆದು, ತೀರಾ ಸವೆದದ್ದನ್ನು ಆರಿಸಿ ತೆಗೆಯುವುದು ನನ್ನ ಕೆಲಸ.

ಮೆರುಗು ಕೊಂಡವರಿಂದ ಬಟ್ಟಲುಗಳು ಮೈತುಂಬ ಚುಕ್ಕೆ ಹೊತ್ತು ವಾಪಸ್ ಬಂದ ದಿನ ತಮ್ಮ ಎಲ್ಲರನ್ನೂ ಮಿಲ್ಲಿನ ಬಳಿ ಕರೆದ. ಭಾವನಿಗೆ ಕಣ್ಣು ಮಂಜಾಗಿದೆ, ಕಬ್ಬಿಣದ ಗುಂಡನ್ನು ಬಿಳಿ ಮಿಲ್ಲಿಗೆ ಹಾಕಿದ್ದಾರೆ, ಇನ್ನು ಮನೆಯಲ್ಲಿರಲಿ ಎಂದ. ಮೆರುಗು ಮೆತ್ತಿಕೊಂಡರೆ ಎಲ್ಲ ಗುಂಡೂ ಬಿಳಿಯೇ ಕಾಣುತ್ತವೆ. ಇವರು ಅಯಸ್ಕಾಂತ ಹಿಡಿದು ಗುಂಡುಗಳ ಗುಡ್ಡೆಯನ್ನೆಲ್ಲ ಕೆದಕಿದರು. ಒಂದೂ ಅಂಟಲಿಲ್ಲ. ಸವೆದು ಮುಗಿದುಹೋಗಿರುತ್ತದೆ ಎಂದ ತಮ್ಮ. ಪಾಪ, ಈ ಮನುಷ್ಯ ಅದನ್ನೂ ನಂಬಿದರು.

ಮನೆಯಲ್ಲಿ ಊಟಕ್ಕೆ ಕೂತರೆ ಎರಡು ಕೈಯಲ್ಲಿ ಎರಡು ಲೋಟ ಹಿಡಿದು ತೂಗಿ ನೋಡುವರು.

“ಕಬ್ಬಿಣ ಅಂದ್ರೆ ಭಾರ ಗೊತ್ತಾಗ್ಬೇಕಲ್ವೇನೇ? ನನ್ನ ಕೈಗೆ ಏನಾಯ್ತು?”

ಕಣ್ಣು ಮಂಜಾದರೆ ಕನ್ನಡಕ ತರಬಹುದು. ತನ್ನ ಕೈಯನ್ನೇ ನಂಬದ ಗಂಡಸಿಗೆ ನಾನು ಏನು ತಂದುಕೊಡಲಿ?

ಇವರು ಮನೆ ಸೇರಿದ ಮೇಲೂ ಚುಕ್ಕೆ ನಿಲ್ಲಲಿಲ್ಲ. ಕೊನೆಗೆ ನನ್ನ ತಮ್ಮ ಬಿಳಿ ಮಿಲ್ಲನ್ನು ಖಾಲಿ ಮಾಡಿಸಿದ. ತೊಳೆಯುತ್ತಿದ್ದಾಗ ಹೊಸ ದಪ್ಪ ಗುಂಡೊಂದು ಬಿರುಕು ಬಿಟ್ಟಿದ್ದು ಕಂಡಿತು. ನೆಲಕ್ಕೆ ಕುಕ್ಕಿದೆ, ಹೋಳಾಯಿತು. ಮೇಲೆ ತೆಳ್ಳಗೆ ಬಿಳಿ ಸಿಪ್ಪೆ, ಒಳಗೆಲ್ಲ ಅಗ್ಗದ ಕಂದು ಮಣ್ಣು. ಹಳೆಯದೊಂದನ್ನು ಒಡೆದೆ, ಒಳಗೂ ಹೊರಗೂ ಬಿಳಿ. ಇನ್ನೊಂದು ಹೊಸ ದಪ್ಪ ಗುಂಡು ಒಡೆದೆ, ಮತ್ತೆ ಕಂದು. ಸಿಪ್ಪೆ ಸವೆದ ಕಡೆಯೆಲ್ಲ ಆ ಕಂದು ಮೆರುಗಿಗೆ ಇಳಿದಿತ್ತು. ಚುಕ್ಕೆ ಶುರುವಾಗುವ ಮುಂಚೆ ಈ ಹೊಸ ಗುಂಡುಗಳನ್ನು ತಂದು ಸುರಿದವನು ತಮ್ಮನ ಹೆಂಡತಿಯ ಅಣ್ಣ. ಇಂಥ ಗಟ್ಟಿ ಮಾಲು ಎಲ್ಲೂ ಸಿಗಲ್ಲ ಅಂತ ಜಂಬ ಕೊಚ್ಚಿಕೊಂಡಿದ್ದ.

ಹೋಳುಗಳನ್ನು ತಮ್ಮನ ಮೇಜಿನ ಮೇಲೆ ಇಟ್ಟೆ. ಅವನು ಬೆಚ್ಚಲಿಲ್ಲ. ಅಲ್ಲೇ ನನಗೆ ಅರ್ಥವಾಯಿತು. ಮೊದಲೇ ಗೊತ್ತಿತ್ತಾ ಎಂದು ಕೇಳಿದರೆ ಹೋಳುಗಳನ್ನು ಪಕ್ಕಕ್ಕೆ ಸರಿಸಿದ.

“ಅವಳ ಅಣ್ಣನ ಮೇಲೆ ಹಾಕಿದ್ರೆ ನಾನು ಮನೇಲಿ ಇರೋಕಾಗ್ತಿತ್ತಾ ಅಕ್ಕ? ಭಾವ ನಮ್ಮೋರು. ತಡ್ಕೋತಾರೆ ಅಂದ್ಕೊಂಡೆ.”

ನಮ್ಮವರಾದ ತಪ್ಪಿಗೆ! ಇವನ ಮೂಗು ಒರೆಸಿ ಬೆಳೆಸಿದವಳು ನಾನು. ಎಲ್ಲರೆದುರು ಕಳೆದ ಮರ್ಯಾದೆಯನ್ನು ಎಲ್ಲರೆದುರೇ ವಾಪಸ್ ಕೊಡು ಎಂದೆ. ಒಪ್ಪಿದ. ಬೆಳಿಗ್ಗೆ ಭಾವನನ್ನು ಕರೆದುಕೊಂಡು ಬಾ, ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ ಎಂದ. ಅವನ ಬಾಯಿಂದಲೇ ಇವರು ಕೇಳಲಿ ಎಂಬ ಆಸೆಗೆ ನಾನೂ ಪೆದ್ದಿಯಂತೆ ತಲೆಯಾಡಿಸಿದೆ.

ಬೆಳಿಗ್ಗೆ ಇವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಕೆಲಸದವರೆಲ್ಲ ಮಿಲ್ಲಿನ ಸುತ್ತ ನಿಂತಿದ್ದರು. ತಮ್ಮ ಇವರ ಹೆಗಲ ಮೇಲೆ ಕೈಯಿಟ್ಟ.

“ಆಗಿದ್ದು ಆಗೋಯ್ತು. ಭಾವನ ತಪ್ಪನ್ನ ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಇವತ್ತಿಂದ ಕೆಲಸಕ್ಕೆ ಬರ್ತಾರೆ.”

ಎಂಥಾ ದೊಡ್ಡ ಮನಸ್ಸು ಎಂದು ಯಾರೋ ಅಂದರು. ಸಾಕಲ್ಲ ಎನ್ನುವಂತೆ ತಮ್ಮ ನನ್ನ ಕಡೆ ನೋಡಿದ. ಸುತ್ತಿಗೆ ಎಲ್ಲಿದೆ ಎಂದು ನಾನು ಕಣ್ಣಾಡಿಸಿದೆ. ಅಷ್ಟರಲ್ಲಿ ಇವರು, ಕಣ್ಣೆದುರೇ ಬೆಳೆದ ಆ ಹುಡುಗನ ಮುಂದೆ ತಲೆ ತಗ್ಗಿಸಿ, “ನಿನ್ನ ಉಪಕಾರ ಮರೆಯಲ್ಲಪ್ಪ” ಎಂದುಬಿಟ್ಟರು.

ನಾನು ಸುತ್ತಿಗೆ ಎತ್ತಿಕೊಂಡೆ. ಗುಡ್ಡೆಯ ಪಕ್ಕ ನೆಲದ ಮೇಲೆ ಕೂತು ಒಂದಾದ ಮೇಲೊಂದು ಹೊಸ ಗುಂಡು ಒಡೆದೆ. ಕಂದು ಹೋಳುಗಳು ಎಲ್ಲರ ಕಾಲ ಬಳಿ ಉರುಳಿದವು. ಯಾರು ತಂದ ಮಾಲು, ಯಾರಿಗೆ ಮೊದಲೇ ಗೊತ್ತಿತ್ತು, ಎಲ್ಲ ಹೇಳಿದೆ. ತಮ್ಮ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಇವರು ಒಡೆಯದೆ ಉಳಿದ ಹೊಸ ಗುಂಡೊಂದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದರು. ಪಿಂಗಾಣಿಯಷ್ಟೇ ಭಾರ. ಕೈ ಸುಳ್ಳಾಡಿರಲಿಲ್ಲ.

ಗೆದ್ದೆ ಅಂದುಕೊಂಡೇ ನಾನು ಅಲ್ಲಿಂದ ಹೊರಟೆ. ದಾರಿಯುದ್ದಕ್ಕೂ ಇವರು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಮನೆಯ ಬೀಗ ತೆಗೆಯುತ್ತ, ನನ್ನ ಮುಖ ನೋಡದೆ ಕೇಳಿದರು:

“ಒಡೆಯೋದು ಒಡೆದೆ. ನಾನು ಅವನ ಮುಂದೆ ತಲೆ ತಗ್ಗಿಸೋಕೆ ಮುಂಚೆ ಒಡೀಬಾರದಿತ್ತಾ?”